ಬೆನ್ನು ನೋಡಿ ವಯಸ್ಸು ಹೇಳುವುದು

2000ದಿಂದ 2016ರೊಳಗೆ ಕೊಂಡ ಹಾಲ್‌ಮಾರ್ಕ್ ಬಳೆಯೋ ಸರವೋ ಮನೆಯಲ್ಲಿದ್ದರೆ ಬೀರುವಿನಿಂದ ತೆಗೆದು ಅದರ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿಐಎಸ್ ತ್ರಿಕೋನ, 916 ಎಂಬ ಅಂಕಿ, ಪರೀಕ್ಷೆ ಮಾಡಿದ ಕೇಂದ್ರದ ಗುರುತು, ಅಂಗಡಿಯವರ ಗುರುತು, ಇವುಗಳ ಸಾಲಿನಲ್ಲಿ ಒಂಟಿಯಾಗಿ ಒಂದು ಇಂಗ್ಲಿಷ್ ಅಕ್ಷರ ಕೂತಿರುತ್ತದೆ. ‘ಎ’ ಆದರೆ ಆ ಒಡವೆಗೆ ಮುದ್ರೆ ಬಿದ್ದದ್ದು 2000ದಲ್ಲಿ, ‘ಬಿ’ ಆದರೆ 2001ರಲ್ಲಿ, ‘ಸಿ’ ಆದರೆ 2002ರಲ್ಲಿ. 2017ರ ಜನವರಿಯಿಂದ ಈ ಅಕ್ಷರವನ್ನು ಕೈಬಿಟ್ಟರು. ಈಗ ಅಕ್ಷರವೂ ಅಂಕಿಯೂ ಬೆರೆತ ಆರು ಸ್ಥಾನದ ಎಚ್‌ಯುಐಡಿ ಬಂದಿದೆ. ಅದನ್ನು ಮೊಬೈಲಿನಲ್ಲಿ ಹುಡುಕಬಹುದು, ಬರಿಗಣ್ಣಿನಲ್ಲಿ ವರ್ಷ ಓದಲು ಆಗದು.

ಲೋಹದ ಮೈಮೇಲೆ ವರ್ಷವನ್ನು ಒಂದು ಅಕ್ಷರದಲ್ಲಿ ಅಡಗಿಸಿಡುವ ಈ ರೂಢಿ ಲಂಡನ್ನಿನಲ್ಲಿ 1478ರಿಂದಲೂ ಇದೆ. ಬೆಳ್ಳಿಯಲ್ಲಿ ಕಲಬೆರಕೆ ಸಿಕ್ಕರೆ ಆ ವರ್ಷ ಒರೆಹಚ್ಚಿ ಪಾಸು ಮಾಡಿದ ಅಧಿಕಾರಿ ಯಾರೆಂದು ಹಿಡಿಯಬೇಕಲ್ಲ, ಅದಕ್ಕಾಗಿ. ಮುಂದೆ ಐನೂರು ವರ್ಷಗಳ ಬಳಿಕ ಯಾರೋ ಒಬ್ಬ ಸಂಗ್ರಾಹಕ ಒಂದು ಟೋಪಿಯ ಬ್ಯಾಡ್ಜನ್ನು ಬೋರಲು ಹಾಕಿಕೊಂಡು ಅದೇ ಅಕ್ಷರದಿಂದ ‘ಇದು ಮೊದಲ ಮಹಾಯುದ್ಧದ ಸೊಮ್ ಕದನಕ್ಕೆ ಹಿಂದಿನದೋ ಮುಂದಿನದೋ’ ಎಂದು ತಲೆ ಕೆಡಿಸಿಕೊಳ್ಳುತ್ತಾನೆಂದು ಆ ಅಧಿಕಾರಿಗಳು ಊಹಿಸಿರಲಾರರು.

ಸೈನಿಕನ ಟೋಪಿಯ ಬ್ಯಾಡ್ಜ್, ಭುಜದ ಮೇಲಿನ ಹಿತ್ತಾಳೆ ಅಕ್ಷರಗಳು, ಕಾಲರಿನ ಪುಟ್ಟ ಬಿಲ್ಲೆ, ಕೋಟಿನ ಗುಂಡಿ, ಎದೆಯ ಪದಕ: ಇವೆಲ್ಲಕ್ಕೂ ಎರಡು ಮುಖ. ಮುಂಭಾಗ ಕವಾಯತಿಗೆ. ಅಲ್ಲಿ ಸಿಂಹ, ಕಿರೀಟ, ಆನೆ, ಕಹಳೆ. ಹಿಂಭಾಗ ಬಟ್ಟೆಗೆ ಒತ್ತಿಕೊಂಡಿರುತ್ತದೆ, ಯಾರಿಗೂ ಕಾಣುವುದಿಲ್ಲ. ಮಾಡಿದವನ ಹೆಸರು, ಊರು, ಲೋಹದ ಗುಣ, ಒಮ್ಮೊಮ್ಮೆ ಇಸವಿ, ಇವೆಲ್ಲ ಅಲ್ಲಿರುತ್ತವೆ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲೋ ಮುಂಬೈಯ ಚೋರ್ ಬಜಾರಿನಲ್ಲೋ ಹಳೇ ಸಾಮಾನಿನವರು ಬ್ಯಾಡ್ಜನ್ನು ಮುಂಭಾಗ ಮೇಲಾಗಿಯೇ ಹರಡಿರುತ್ತಾರೆ. ‘ಪಕ್ಕಾ ಫಸ್ಟ್ ವರ್ಲ್ಡ್ ವಾರ್ ಮಾಲು ಸಾರ್’ ಎನ್ನುತ್ತಾರೆ. ತಿಳಿದವನು ಮಾತಾಡದೆ ಅದನ್ನು ತಿರುಗಿಸುತ್ತಾನೆ.

ತಿರುಗಿಸಿದಾಗ ಸಿಗುವ ಸಾಕ್ಷಿಗಳಲ್ಲೆಲ್ಲ ಗಟ್ಟಿಯಾದದ್ದು ಬ್ರಿಟಿಷ್ ಬೆಳ್ಳಿಯ ಹಾಲ್‌ಮಾರ್ಕ್. ಬ್ರಿಟಿಷ್ ಸೇನೆಯ ಅಧಿಕಾರಿಗಳು ತಮ್ಮ ಸಮವಸ್ತ್ರವನ್ನು ತಮ್ಮ ದುಡ್ಡಿನಲ್ಲೇ ಹೊಲಿಸಿಕೊಳ್ಳುತ್ತಿದ್ದರು. ಬ್ಯಾಡ್ಜನ್ನೂ ಬೆಳ್ಳಿಯಲ್ಲಿ ಮಾಡಿಸಿಕೊಳ್ಳುವ ಶೋಕಿ ಅನೇಕರಿಗಿತ್ತು. ಅಂಥ ಬ್ಯಾಡ್ಜಿನ ಬೆನ್ನಿನಲ್ಲಿ ನಡೆಯುತ್ತಿರುವ ಸಿಂಹವೊಂದಿದ್ದರೆ ಅದು ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ. ಪಕ್ಕದಲ್ಲಿ ಲಂಗರು ಇದ್ದರೆ ಪರೀಕ್ಷೆ ನಡೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಚಿರತೆಯ ತಲೆ ಲಂಡನ್ನಿನ ಗುರುತು, ಕೋಟೆ ಎಡಿನ್‌ಬರೋದ್ದು. ಸಮುದ್ರದಿಂದ ಬಹುದೂರದಲ್ಲಿರುವ ಬರ್ಮಿಂಗ್‌ಹ್ಯಾಮಿಗೆ ಲಂಗರೇಕೆ ಎಂದರೆ ಒಂದು ಕಥೆ ಹೇಳುತ್ತಾರೆ. ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡಿನ ಕುಶಲಕರ್ಮಿಗಳು ತಮ್ಮ ಊರಲ್ಲೇ ಪರೀಕ್ಷಾ ಕಚೇರಿ ಬೇಕೆಂದು ಸಂಸತ್ತಿಗೆ ಅಹವಾಲು ಕೊಡಲು ಲಂಡನ್ನಿಗೆ ಹೋದಾಗ ‘ಕ್ರೌನ್ ಆ್ಯಂಡ್ ಆ್ಯಂಕರ್’ ಎಂಬ ಹೋಟೆಲಿನಲ್ಲಿ ಸೇರುತ್ತಿದ್ದರಂತೆ. 1773ರಲ್ಲಿ ಇಬ್ಬರಿಗೂ ಅನುಮತಿ ಸಿಕ್ಕಿತು. ನಾಣ್ಯ ಚಿಮ್ಮಿಸಿ, ಹೋಟೆಲಿನ ಹೆಸರಿನಲ್ಲಿದ್ದ ಕಿರೀಟ ಶೆಫೀಲ್ಡಿಗೂ ಲಂಗರು ಬರ್ಮಿಂಗ್‌ಹ್ಯಾಮಿಗೂ ಎಂದು ಹಂಚಿಕೊಂಡರಂತೆ. ಕಥೆ ನಿಜವೋ ಸುಳ್ಳೋ, ಚೆನ್ನಾಗಿದೆ. ಬರ್ಮಿಂಗ್‌ಹ್ಯಾಮಿನ ಪರವಾಗಿ ಈ ಹೋರಾಟ ನಡೆಸಿದವನು ಮ್ಯಾಥ್ಯೂ ಬೋಲ್ಟನ್, ಜೇಮ್ಸ್ ವ್ಯಾಟ್‌ನ ಜತೆ ಸೇರಿ ಉಗಿಯಂತ್ರ ಮಾಡಿದ ಅದೇ ಬೋಲ್ಟನ್. ಅವನ ಮನೆತನದ ಕಸುಬು ಬಕಲ್ಲು, ಗುಂಡಿ, ಲೋಹದ ಸಣ್ಣಪುಟ್ಟ ಸಾಮಾನು.

ಲಂಗರು ಮತ್ತು ಸಿಂಹದ ಬಳಿ ಕೂತ ಅಕ್ಷರವೇ ವರ್ಷ. ಬರ್ಮಿಂಗ್‌ಹ್ಯಾಮಿನಲ್ಲಿ 1900ರಲ್ಲಿ ಹೊಸ ಸುತ್ತು ಸಣ್ಣ ‘ಎ’ಯಿಂದ ಶುರುವಾಯಿತು. ‘ಜೆ’ಯನ್ನು ಬಿಟ್ಟು ಎಣಿಸಿದರೆ ‘ಪಿ’ 1914ಕ್ಕೆ, ‘ಕ್ಯೂ’ 1915ಕ್ಕೆ, ‘ಟಿ’ 1918ಕ್ಕೆ ಬರುತ್ತದೆ. ‘ಝಡ್’ 1924ಕ್ಕೆ ಮುಗಿಯುತ್ತದೆ. 1925ರಲ್ಲಿ ಮತ್ತೆ ‘ಎ’, ಆದರೆ ದೊಡ್ಡಕ್ಷರ. ಸುತ್ತು ಬದಲಾದಾಗ ಅಕ್ಷರದ ಶೈಲಿಯನ್ನೋ ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೋ ಬದಲಿಸುತ್ತಿದ್ದರು. ಸವೆದ ಬ್ಯಾಡ್ಜಿನಲ್ಲಿ ಅಕ್ಷರ ಅರ್ಧ ಮಾಯವಾಗಿದ್ದರೂ ಚೌಕಟ್ಟು ಉಳಿದಿದ್ದರೆ ಕೆಲಸ ನಡೆಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಆ ಕಾಲಕ್ಕೆ ಬರ್ಮಿಂಗ್‌ಹ್ಯಾಮಿನಲ್ಲಿ ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಿ ಅಲ್ಲ, ಜುಲೈಯಲ್ಲಿ. ಹೀಗಾಗಿ ‘ಕ್ಯೂ’ ಎಂದರೆ 1915ರ ನಡುವಿನಿಂದ 1916ರ ನಡುವಿನವರೆಗೆ. ಸೊಮ್ ಕದನ ಶುರುವಾದದ್ದು 1916ರ ಜುಲೈ 1ಕ್ಕೆ. ಮಾರಾಟದ ಪಟ್ಟಿಗಳಲ್ಲಿ ‘ಹಾಲ್‌ಮಾರ್ಕ್ 1915’ ಎಂದಷ್ಟೇ ಬರೆದದ್ದನ್ನು ನೋಡಿದಾಗಲೆಲ್ಲ ಆ ಉಳಿದರ್ಧ ವರ್ಷ ನನ್ನನ್ನು ಕಾಡುತ್ತದೆ.

ಇಷ್ಟು ಗಟ್ಟಿಯಾದ ಈ ಸಾಕ್ಷಿಯೂ ಹೇಳುವುದು ಬೆಳ್ಳಿ ಪರೀಕ್ಷೆಯಾದ ಕಾಲವನ್ನು ಮಾತ್ರ. ಪರೀಕ್ಷೆಗೆ ಕಳಿಸಿದವನ ಹೆಸರಿನ ಮೊದಲಕ್ಷರಗಳನ್ನು ನಾವು ತಯಾರಕನ ಗುರುತು ಎನ್ನುತ್ತೇವೆ. ಕಳಿಸಿದವನೇ ಮಾಡಿದವನಾಗಿರಬೇಕೆಂದಿಲ್ಲ, ಯಾರದೋ ಕಾರ್ಖಾನೆಯಲ್ಲಿ ಮಾಡಿಸಿ ತನ್ನ ಹೆಸರು ಹಾಕಿಸಿಕೊಂಡ ದರ್ಜಿಯಂಗಡಿಯೋ ಒಡವೆ ಅಂಗಡಿಯೋ ಆಗಿರಬಹುದು.

ಹಾಲ್‌ಮಾರ್ಕಿನ ಭಾಗ್ಯ ಅಧಿಕಾರಿಯ ಬೆಳ್ಳಿಗೆ. ಸಾಮಾನ್ಯ ಸಿಪಾಯಿಯದು ಹಿತ್ತಾಳೆ, ಅದಕ್ಕೆ ಯಾವ ಕಾನೂನೂ ವರ್ಷದ ಅಕ್ಷರ ಕೇಳಲಿಲ್ಲ. ಅಲ್ಲಿ ಉಳಿಯುವುದು ಕಂಪನಿಯ ಹೆಸರು. ಈ ಹೆಸರನ್ನು ಓದುವ ಕಲೆಗೆ ಗುಂಡಿಗಳಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಬ್ಯಾಡ್ಜುಗಳ ಬೆನ್ನು ಬೋಳಾಗಿರುವುದೇ ಹೆಚ್ಚು. ಗುಂಡಿಗಳ ಬೆನ್ನಿನಲ್ಲಿ ಮಾತ್ರ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ.

ಫರ್ಮಿನ್ ಎಂಬ ಲಂಡನ್ ಕಂಪನಿಯನ್ನು ತೆಗೆದುಕೊಳ್ಳಿ. 1655ರಿಂದ ತನ್ನ ವಯಸ್ಸನ್ನು ಎಣಿಸಿಕೊಳ್ಳುವ ಈ ಮನೆತನದ ಗುಂಡಿಗಳ ಹಿಂದೆ ಫರ್ಮಿನ್ ಎಂಬ ಹೆಸರಿನ ಮುಂದೆ ಏನಿದೆ ಎಂಬುದೇ ವಯಸ್ಸಿನ ಕೀಲಿಕೈ. ಬರೀ ‘ಆ್ಯಂಡ್ ಕೋ’ ಇದೆಯೋ, ‘ಆ್ಯಂಡ್ ಸನ್ಸ್’ ಇದೆಯೋ, ಅದರ ಮುಂದೆ ‘ಲಿಮಿಟೆಡ್’ ಅಂಟಿಕೊಂಡಿದೆಯೋ? ಸೀಮಿತ ಹೊಣೆಗಾರಿಕೆಯ ಕಾಯ್ದೆ ಬ್ರಿಟನ್ನಿನಲ್ಲಿ ಬಂದದ್ದು 1855ರಲ್ಲಿ. ‘ಲಿಮಿಟೆಡ್’ ಇರುವ ಗುಂಡಿ ಅದಕ್ಕೂ ಮೊದಲಿನದಾಗಿರಲು ಸಾಧ್ಯವೇ ಇಲ್ಲ. ಅದಕ್ಕೂ ಮೊದಲೇ ಶುರುವಾದ ಕ್ರಿಮಿಯಾ ಯುದ್ಧದ ಮೊದಲ ವರ್ಷದ್ದೆಂದು ಯಾರಾದರೂ ಮಾರಲು ಬಂದರೆ ಅಲ್ಲೇ ನಿಲ್ಲಿಸಬಹುದು. ಇನ್ನು ವಿಳಾಸ. ಸ್ಟ್ರ್ಯಾಂಡ್, ಕಾಂಡಿಟ್ ಸ್ಟ್ರೀಟ್, ಸೇಂಟ್ ಮಾರ್ಟಿನ್ಸ್ ಲೇನ್ ಹೀಗೆ ಅಂಗಡಿ ಜಾಗ ಬದಲಿಸಿದಾಗಲೆಲ್ಲ ಗುಂಡಿಯ ಬೆನ್ನಿನ ಬರಹವೂ ಬದಲಾಯಿತು. ಲಂಡನ್ನಿನ ಅಂಚೆ ಡೈರೆಕ್ಟರಿಗಳು ವರ್ಷವರ್ಷವೂ ಅಚ್ಚಾಗುತ್ತಿದ್ದವು. ಯಾವ ಅಂಗಡಿ ಯಾವ ಬೀದಿಯ ಯಾವ ನಂಬರಿನಲ್ಲಿತ್ತು ಎಂಬುದು ಅಲ್ಲಿ ಸಿಗುತ್ತದೆ. ಗುಂಡಿಯ ಬೆನ್ನನ್ನು ಡೈರೆಕ್ಟರಿಯ ಪುಟದ ಪಕ್ಕದಲ್ಲಿಟ್ಟು ಹೋಲಿಸುವುದು ಈ ಹವ್ಯಾಸದ ನಿಜವಾದ ಕೆಲಸ. ಇದಕ್ಕೆ ಬೇಕಾದದ್ದು ತಾಳ್ಮೆ. ಹಣ ಬೇಕಾಗುವುದು ಆಮೇಲೆ.

ಹಳೆಯ ಗುಂಡಿಗಳಲ್ಲಿ ಹೆಸರಿನ ಬದಲು ಹೆಗ್ಗಳಿಕೆಯೇ ಇರುತ್ತದೆ: ಎರಡು ಪಟ್ಟು ಗಿಲೀಟು, ಮೂರು ಪಟ್ಟು ಗಿಲೀಟು, ಅತ್ಯುತ್ತಮ ಬಣ್ಣ ಎಂದೆಲ್ಲ. ಇದರ ಹಿಂದೆ ಒಂದು ಜಗಳವಿದೆ. ಚಿನ್ನದ ನೀರನ್ನು ಹೆಸರಿಗಷ್ಟೇ ಹಚ್ಚಿ ಗಿಲೀಟು ಗುಂಡಿ ಎಂದು ಮಾರುವವರು ಹೆಚ್ಚಾದಾಗ, ಎಷ್ಟು ಚಿನ್ನ ಹಚ್ಚಿದರೆ ಗಿಲೀಟು ಎನ್ನಬಹುದೆಂದು 1796ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಿತು. ಗುಂಡಿಯ ಬೆನ್ನಿನ ಮೇಲೆ ಗುಣಮಟ್ಟ ಸಾರುವ ಚಾಳಿ ಆಮೇಲಿನ ದಶಕಗಳಲ್ಲಿ ಜೋರಾಯಿತು. ‘ದೊರೆಯವರ ಗುಂಡಿ ತಯಾರಕರು’ ಎಂದಿದ್ದದ್ದು ವಿಕ್ಟೋರಿಯಾ ಪಟ್ಟಕ್ಕೆ ಬಂದ 1837ರ ನಂತರ ‘ರಾಣಿಯವರ’ ಎಂದಾಯಿತು, 1901ರ ನಂತರ ಮತ್ತೆ ‘ದೊರೆಯವರ’. ‘ಬಟನ್ಸ್ ಲಿಮಿಟೆಡ್, ಬರ್ಮಿಂಗ್‌ಹ್ಯಾಮ್’ ಎಂಬುದು ಹಲವು ಗುಂಡಿ ಕಂಪನಿಗಳು 1907ರಲ್ಲಿ ಒಂದಾಗಿ ಹುಟ್ಟಿದ ಹೆಸರು. ಆ ಬರಹವಿರುವ ಗುಂಡಿ ಅದಕ್ಕೂ ಮೊದಲೇ ಮುಗಿದ ಬೋಯರ್ ಯುದ್ಧದ ಕೋಟಿನಲ್ಲಿದ್ದರೆ ಗುಂಡಿಯನ್ನು ಆಮೇಲೆ ಹೊಲಿದಿದ್ದಾರೆ ಎಂದೇ ಅರ್ಥ.

ಗಮನಿಸಿದರೆ ಈ ಎಲ್ಲ ತರ್ಕವೂ ಒಂದೇ ದಿಕ್ಕಿನದು. ಗುರುತು ‘ಇದಕ್ಕಿಂತ ಮೊದಲಿನದಲ್ಲ’ ಎನ್ನುತ್ತದೆ. ‘ಇದೇ ವರ್ಷದ್ದು’ ಎನ್ನುವುದು ಅಪರೂಪ. ‘ಇದಕ್ಕಿಂತ ಆಮೇಲಿನದಲ್ಲ’ ಎಂದಂತೂ ಹೇಳುವುದೇ ಇಲ್ಲ. ಸಂಗ್ರಾಹಕರ ಹಣ ಮುಳುಗುವುದೆಲ್ಲ ಈ ಕೊನೆಯ ಮಾತನ್ನು ಮರೆತಾಗ.

ಏಕೆಂದರೆ ಅಚ್ಚಿಗೆ ಸಾವಿಲ್ಲ. ಬ್ಯಾಡ್ಜ್ ಮಾಡುವ ಬಗೆ ಹೀಗೆ: ಉಕ್ಕಿನ ಅಚ್ಚಿನಲ್ಲಿ ವಿನ್ಯಾಸವನ್ನು ತಗ್ಗಾಗಿ ಕೊರೆದಿರುತ್ತಾರೆ. ಹಿತ್ತಾಳೆ ತಗಡನ್ನು ಅದರ ಮೇಲಿಟ್ಟು ಭಾರಿ ಒತ್ತುಯಂತ್ರದಲ್ಲಿ ಒತ್ತುತ್ತಾರೆ. ಅಂಚನ್ನೂ ನಡುವಿನ ಸಂದುಗಳನ್ನೂ ಕತ್ತರಿಸುತ್ತಾರೆ. ಬೆನ್ನಿಗೆ ಎರಡು ಕಿವಿಗಳನ್ನೋ, ಟೋಪಿಯ ಸೀಳಿನಲ್ಲಿ ತೂರಿಸುವ ಒಂದು ಉದ್ದ ನಾಲಗೆಯನ್ನೋ ಬೆಸೆಯುತ್ತಾರೆ. ಈ ನಾಲಗೆಗೆ ಸಂಗ್ರಾಹಕರು ಸ್ಲೈಡರ್ ಎನ್ನುತ್ತಾರೆ. ಎಷ್ಟೋ ಕಂಪನಿಗಳು ಹೆಸರನ್ನು ಒತ್ತಿದ್ದು ಬ್ಯಾಡ್ಜಿನ ಮೇಲಲ್ಲ, ಈ ಸ್ಲೈಡರಿನ ಮೇಲೆ. ಅಂದರೆ ಹೆಸರು ನಾಲಗೆಯದು, ದೇಹದ್ದಲ್ಲ! ಒಂದು ಬ್ಯಾಡ್ಜಿನ ಸ್ಲೈಡರ್ ಬಿಚ್ಚಿ ಇನ್ನೊಂದಕ್ಕೆ ಬೆಸೆಯುವುದು ಯಾವ ಬೀದಿಬದಿಯ ಬೆಸುಗೆಯವನಿಗೂ ಹತ್ತು ನಿಮಿಷದ ಕೆಲಸ. ಆದ್ದರಿಂದ ಹೆಸರನ್ನು ಓದುವ ಮೊದಲು ಬೆಸುಗೆಯನ್ನು ಓದಬೇಕು. ಹಳೆಯ ಬೆಸುಗೆ ತೆಳುವಾಗಿ, ಸಮವಾಗಿ, ಸುತ್ತಲಿನ ಲೋಹದಷ್ಟೇ ಕಪ್ಪಾಗಿರುತ್ತದೆ. ಹೊಸದು ಬೂದು ಬಣ್ಣದ ಗುಡ್ಡೆ ಕಟ್ಟಿರುತ್ತದೆ, ಇಲ್ಲವೇ ಅದರ ಸುತ್ತ ಬಿಸಿಗೆ ಬಣ್ಣಗೆಟ್ಟ ಕಲೆಯಿರುತ್ತದೆ.

ಬ್ರಿಟಿಷ್ ಬ್ಯಾಡ್ಜುಗಳ ಬೆನ್ನಿನಲ್ಲಿ ಬಹಳ ಸಾರಿ ಸಿಗುವ ಹೆಸರು ಜೆ. ಆರ್. ಗಾಂಟ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶುರುವಾದ ಈ ಕಂಪನಿ ಎರಡು ಮಹಾಯುದ್ಧಗಳುದ್ದಕ್ಕೂ ಸೇನೆಗೆ ಬ್ಯಾಡ್ಜು, ಗುಂಡಿ, ಪದಕ ಒದಗಿಸಿತು. ಅದರ ಮುದ್ರೆಯಲ್ಲಿ ‘ಲಂಡನ್’ ಎಂದಿರುತ್ತದೆ, ಕಾರ್ಖಾನೆ ಇದ್ದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಲಂಡನ್ ಎನ್ನುವುದು ಗಿರಾಕಿಗೆ ತೋರಿಸುವ ಅಂಗಡಿಯ ವಿಳಾಸ. 1973ರಲ್ಲಿ ಗಾಂಟ್ ಕಂಪನಿ ಬರ್ಮಿಂಗ್‌ಹ್ಯಾಮ್ ಮಿಂಟ್ ಎಂಬ ಖಾಸಗಿ ಟಂಕಸಾಲೆಯ ಪಾಲಾಯಿತು. ಅದರ ಜತೆಗೆ ಹಳೆಯ ಅಚ್ಚುಗಳೂ ಹೋದವು. ಆ ಹೊತ್ತಿಗೆ ಸಂಗ್ರಾಹಕರ ಮಾರುಕಟ್ಟೆ ಬೆಳೆದಿತ್ತು. ಎಂದೋ ವಿಸರ್ಜನೆಯಾದ ರೆಜಿಮೆಂಟುಗಳ ಬ್ಯಾಡ್ಜಿಗೆ ಬೇಡಿಕೆ ಬಂದಿತ್ತು. ಅಚ್ಚು ಅಸಲಿ, ಕಂಪನಿ ಅಸಲಿ, ಮುದ್ರೆ ಅಸಲಿ. ಆದರೆ ಒತ್ತಿದ್ದು ಯುದ್ಧ ಮುಗಿದು ದಶಕಗಳಾದ ಮೇಲೆ. ಇದು ಮೋಸವೇ? ತಮ್ಮದೇ ಅಚ್ಚಿನಿಂದ ಇನ್ನಷ್ಟು ಒತ್ತುವುದು ಅಪರಾಧವಲ್ಲ. ಅದನ್ನು 1914ರದೆಂದು ಮಾರಿದವನು ಮೋಸಗಾರ. ಇದರಿಂದಾಗಿ ಇಂದು ವಿಚಿತ್ರ ಪರಿಸ್ಥಿತಿ ಇದೆ: ಮೊದಲ ಮಹಾಯುದ್ಧದ ಸಾಮಾನ್ಯ ಬ್ಯಾಡ್ಜಿನ ಸ್ಲೈಡರಿನಲ್ಲಿ ‘ಗಾಂಟ್ ಲಂಡನ್’ ಎಂದು ಚೊಕ್ಕವಾಗಿ ಕಂಡರೆ ಪಳಗಿದವರು ಸಂತೋಷಪಡುವುದಿಲ್ಲ, ಹುಬ್ಬು ಗಂಟಿಕ್ಕುತ್ತಾರೆ. ಬೋಳು ಬೆನ್ನಿನ ಬ್ಯಾಡ್ಜೇ ಅವರಿಗೆ ಹೆಚ್ಚು ನಂಬಿಕೆಯದು.

ಹಾಗಾಗಿ ಒಂಟಿ ಗುರುತನ್ನು ನಂಬುವಂತಿಲ್ಲ. ಅದು ಹೇಳಿದ್ದನ್ನು ಕಿರೀಟ, ಲೋಹ, ಸವೆತ ಮೂರೂ ಒಪ್ಪಬೇಕು. 1901ರಲ್ಲಿ ವಿಕ್ಟೋರಿಯಾ ತೀರಿಕೊಂಡ ಮೇಲೆ ಬ್ರಿಟಿಷ್ ಲಾಂಛನಗಳಲ್ಲಿ ಗುಮ್ಮಟದಂತೆ ದುಂಡಗೆ ಏರುವ ಟ್ಯೂಡರ್ ಕಿರೀಟ ಬಂತು. 1952ರವರೆಗೆ ನಾಲ್ವರು ದೊರೆಗಳೂ ಅದನ್ನೇ ಉಳಿಸಿಕೊಂಡರು. ಎರಡನೇ ಎಲಿಜಬೆತ್ ರಾಣಿಯ ಕಾಲಕ್ಕೆ ನಡುವೆ ತಗ್ಗಾಗಿ ಬಾಗಿದ ಸೇಂಟ್ ಎಡ್ವರ್ಡ್ ಕಿರೀಟ. 2022ರಲ್ಲಿ ಮೂರನೇ ಚಾರ್ಲ್ಸ್ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡದ್ದರಿಂದ ದುಂಡು ಕಿರೀಟವೆಂದರೆ 1952ಕ್ಕೆ ಹಿಂದಿನದು ಎಂಬ ಸಂಗ್ರಾಹಕರ ಮೊದಲ ಪಾಠವೇ ಹಳಸಿತು. ಇನ್ನು ಐವತ್ತು ವರ್ಷದ ನಂತರ ಗುಜರಿಯಲ್ಲಿ ದುಂಡು ಕಿರೀಟದ ಬ್ಯಾಡ್ಜ್ ಸಿಕ್ಕರೆ ಅದು ಅಜ್ಜನದೋ ಮೊಮ್ಮಗನದೋ ಎಂದು ಬೆನ್ನನ್ನೇ ಕೇಳಬೇಕು.

ಲೋಹದ ಸಾಕ್ಷ್ಯ ಇದಕ್ಕಿಂತ ಸೊಗಸು, ಏಕೆಂದರೆ ಅದರಲ್ಲಿ ಯುದ್ಧದ ಬಡತನವೇ ಬರೆದಿದೆ. ಹಿತ್ತಾಳೆಯೂ ಬಿಳಿ ಲೋಹವೂ ಬೆರೆತ ಎರಡು ಬಣ್ಣದ ಬ್ಯಾಡ್ಜುಗಳನ್ನು 1916ರಲ್ಲಿ ನಿಕಲ್ ಉಳಿಸಲೆಂದು ಪೂರ್ತಿ ಹಿತ್ತಾಳೆಯಲ್ಲೇ ಒತ್ತಿದರು. ಎರಡನೇ ಮಹಾಯುದ್ಧದಲ್ಲಿ ಹಿತ್ತಾಳೆಗೂ ಬರ ಬಂದಾಗ, 1942ರ ಸುಮಾರಿಗೆ, ಬ್ಯಾಡ್ಜುಗಳು ಪ್ಲಾಸ್ಟಿಕ್ಕಿಗೆ ಇಳಿದವು. ಕಂದು, ಬೂದು ಬಣ್ಣದ ಈ ಬಡಪಾಯಿ ಬ್ಯಾಡ್ಜುಗಳ ಬೆನ್ನಲ್ಲಿ ಬಾಗಿಸಿ ಸಿಕ್ಕಿಸುವ ಎರಡು ಚಪ್ಪಟೆ ತಗಡುಗಳಿರುತ್ತವೆ, ‘ಎ. ಸ್ಟ್ಯಾನ್ಲಿ ಆ್ಯಂಡ್ ಸನ್ಸ್, ವಾಲ್ಸಾಲ್’ ಎಂಬ ಹೆಸರಿರುತ್ತದೆ. ಸೈನಿಕರಿಗೆ ಇವೆಂದರೆ ಅಸಡ್ಡೆ, ಸಿಕ್ಕ ಕೂಡಲೇ ಹಿತ್ತಾಳೆಯದಕ್ಕೆ ಬದಲಿಸಿಕೊಳ್ಳುತ್ತಿದ್ದರು. ಇಂದು ಒಳ್ಳೆಯ ಪ್ಲಾಸ್ಟಿಕ್ ಬ್ಯಾಡ್ಜ್ ಹಿತ್ತಾಳೆಯದಕ್ಕಿಂತ ದುಬಾರಿಯಾದೀತು. 1950ರ ದಶಕದಿಂದ ಉಜ್ಜುವ ಕೆಲಸವೇ ಇಲ್ಲದ, ಬಣ್ಣ ಹಿಡಿಸಿದ ಅಲ್ಯುಮಿನಿಯಂ ಬಂತು. 1922ರಲ್ಲೇ ವಿಸರ್ಜನೆಯಾದ ಕನಾಟ್ ರೇಂಜರ್ಸ್‌ನಂಥ ಐರಿಷ್ ರೆಜಿಮೆಂಟಿನ ಬ್ಯಾಡ್ಜ್ ಅಂಥ ಅಲ್ಯುಮಿನಿಯಂನಲ್ಲಿ ಸಿಕ್ಕರೆ ಬೆನ್ನಿನ ಮೇಲೆ ಏನೇ ಬರೆದಿರಲಿ, ಓದುವ ಅಗತ್ಯವಿಲ್ಲ.

ಸವೆತಕ್ಕೂ ಒಂದು ನ್ಯಾಯವಿದೆ. ಸಿಪಾಯಿ ದಿನಾ ಉಜ್ಜುತ್ತಿದ್ದದ್ದು ಮುಂಭಾಗವನ್ನು. ವರ್ಷಗಟ್ಟಲೆ ಉಜ್ಜಿದ ಬ್ಯಾಡ್ಜಿನಲ್ಲಿ ಸಿಂಹದ ಮೂಗು ನುಣುಪಾಗಿರುತ್ತದೆ. ಬಟ್ಟೆಗೆ ಒತ್ತಿಕೊಂಡ ಬೆನ್ನು ಮಾತ್ರ ಒತ್ತಿದ ದಿನದಷ್ಟೇ ಚೂಪಾಗಿ, ಮೂಲೆಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ನಕಲಿ ಮಾಡುವವನು ಆಮ್ಲದಲ್ಲಿ ಅದ್ದಿ ಹಳತು ಮಾಡುವಾಗ ಎರಡೂ ಬದಿಯನ್ನು ಸಮನಾಗಿ ಹಳತು ಮಾಡಿಬಿಡುತ್ತಾನೆ. ಇದು ಯಾವ ಪುಸ್ತಕದ ಪಟ್ಟಿಗಿಂತಲೂ ನಂಬಬಹುದಾದ ಪರೀಕ್ಷೆ ಎಂದು ನನಗನಿಸುತ್ತದೆ.

ಪುಸ್ತಕದ ಪಟ್ಟಿ ಎಂದಾಗ ಜರ್ಮನಿಯ ಪದಕಗಳ ಮಾತು ಬರಲೇಬೇಕು, ಆದರೆ ಅದನ್ನು ಬೇಗ ಮುಗಿಸುತ್ತೇನೆ. ನಾಜಿ ಆಡಳಿತದಲ್ಲಿ ಎಲ್ಲಕ್ಕೂ ನಂಬರು. 1941ರಲ್ಲಿ ಪದಕ ತಯಾರಕರ ಒಕ್ಕೂಟ ಬಂದ ಮೇಲೆ ಅಂಗಡಿಯಲ್ಲಿ ಮಾರುವ ಪದಕಗಳಿಗೆ ‘ಎಲ್’ ಎಂಬ ಅಕ್ಷರದ ಮುಂದೆ ಸಂಖ್ಯೆ ಒತ್ತಬೇಕಾಯಿತು. ‘ಎಲ್/11’ ಎಂದರೆ ಲ್ಯೂಡೆನ್‌ಶೈಡ್‌ನ ಡೊಯ್ಮರ್, ‘ಎಲ್/12’ ಎಂದರೆ ಬರ್ಲಿನ್ನಿನ ಯುಂಕರ್. ಇಷ್ಟು ಅಚ್ಚುಕಟ್ಟಾದ ಪದ್ಧತಿ ಸಂಗ್ರಾಹಕನಿಗೆ ಸ್ವರ್ಗವಾಗಬೇಕಿತ್ತು, ನಕಲಿಯವನಿಗೆ ಸ್ವರ್ಗವಾಯಿತು. ಪಟ್ಟಿ ಅಚ್ಚಾದ ಕ್ಷಣದಿಂದ ಯಾರು ಬೇಕಾದರೂ ಸರಿಯಾದ ನಂಬರು ಒತ್ತಬಹುದು. ಎಲ್ಲರಿಗೂ ಗೊತ್ತಿರುವ ಗುರುತೇ ಎಲ್ಲಕ್ಕಿಂತ ದುರ್ಬಲ ಸಾಕ್ಷಿ. ಅಲ್ಲಿನ ತಜ್ಞರು ಈಗ ನಂಬರನ್ನು ಬಿಟ್ಟು ಆ ಕಂಪನಿಯ ಅಚ್ಚಿನಲ್ಲಿದ್ದ ಬಿರುಕು, ಉಬ್ಬು, ಸೂಜಿಯ ಬುಡದ ಆಕಾರ ನೋಡುತ್ತಾರೆ. ಆ ಮಾರುಕಟ್ಟೆಯ ಹುಚ್ಚು ನನಗೆ ಹಿಡಿಸದು ಎಂಬುದೂ ಬೇಗ ಮುಗಿಸಲು ಒಂದು ಕಾರಣ.

ನಮ್ಮ ಕಡೆಗೆ ಬರೋಣ. ಬ್ರಿಟಿಷರ ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕಿನ ಕಾನೂನೇ ಇರಲಿಲ್ಲ. ಮದ್ರಾಸಿನ ಪಿ. ಓರ್ ಆ್ಯಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಮುಂತಾದ ದೊಡ್ಡ ಅಂಗಡಿಗಳು ತಮ್ಮ ಬೆಳ್ಳಿ ಸಾಮಾನಿಗೆ ಹೆಸರು ಒತ್ತುತ್ತಿದ್ದವು, ಆದರೆ ವರ್ಷದ ಅಕ್ಷರವನ್ನು ಒತ್ತುವ ಸರ್ಕಾರಿ ಕಚೇರಿ ಇಲ್ಲಿರಲಿಲ್ಲ. ಹೀಗಾಗಿ ಇಲ್ಲಿ ಕಾಲ ನಿರ್ಣಯಕ್ಕೆ ಮುಂಭಾಗವೇ ಹೆಚ್ಚು ನೆರವು. 1903ರಲ್ಲಿ ಆಗಿನ ಸೇನಾ ಮುಖ್ಯಸ್ಥ ಕಿಚನರ್ ಭಾರತೀಯ ಸೇನೆಯ ಪಲ್ಟಣಗಳಿಗೆಲ್ಲ ಹೊಸ ನಂಬರು ಕೊಟ್ಟ. 1922ರಲ್ಲಿ ಅವುಗಳನ್ನು ಮತ್ತೆ ಗುಂಪುಗೂಡಿಸಿದರು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೂರನೇ ಬೆಟಾಲಿಯನ್ 1903ರಿಂದ 1922ರವರೆಗೆ 110ನೇ ಪಲ್ಟಣವಾಗಿತ್ತು. ಭುಜದ ಹಿತ್ತಾಳೆಯಲ್ಲಿ ‘110’ ಎಂದಿದ್ದರೆ ಆ ಹತ್ತೊಂಬತ್ತು ವರ್ಷದ ಕಿಟಕಿಯೊಳಗೇ ಅದು ಬರಬೇಕು. ಬೆನ್ನು ‘ಮೊದಲಿನದಲ್ಲ’ ಎಂದಷ್ಟೇ ಹೇಳಿದರೆ ಇಲ್ಲಿ ನಂಬರು ಎರಡೂ ಬಾಗಿಲನ್ನು ಮುಚ್ಚುತ್ತದೆ. ಇನ್ನೂ ಸುಲಭದ ಒಂದು ಪರೀಕ್ಷೆ: 1950ರ ಜನವರಿ 26ಕ್ಕೆ ನಮ್ಮ ಸೇನೆಯ ಲಾಂಛನಗಳಿಂದ ಕಿರೀಟ ಇಳಿದು ಅಶೋಕನ ಸಿಂಹ ಏರಿತು. ಎಲಿಜಬೆತ್ ಪಟ್ಟಕ್ಕೆ ಬಂದದ್ದು 1952ರಲ್ಲಿ. ಹಾಗಾಗಿ ಮಹಾಯುದ್ಧ ಕಾಲದ್ದೆಂದು ಹೇಳುವ ಭಾರತೀಯ ರೆಜಿಮೆಂಟಿನ ಬ್ಯಾಡ್ಜಿನಲ್ಲಿ ಅವಳ ಕಾಲದ ಬಾಗಿದ ಕಿರೀಟವಿದ್ದರೆ ಅದು ಸೇನೆಗಾಗಿ ಮಾಡಿದ್ದಲ್ಲ. ಇಂಥವು ಮಾರಾಟಕ್ಕಿವೆ, ಕೊಳ್ಳುವವರೂ ಇದ್ದಾರೆ.

ಮೈಸೂರು ಲ್ಯಾನ್ಸರ್ಸ್‌ನ ಗಂಡಭೇರುಂಡಕ್ಕೆ ಈ ಕಿರೀಟದ ಲೆಕ್ಕವೂ ಸಹಾಯ ಮಾಡದು. 1918ರ ಸೆಪ್ಟೆಂಬರ್ 23ರಂದು 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳದ ಭಾಗವಾಗಿ, ಜೋಧಪುರದವರ ಜತೆ ಹೈಫಾ ಗೆದ್ದ ಪಡೆಯ ಲಾಂಛನವೆಂದು ಕರ್ನಾಟಕದಲ್ಲಿ ಇದಕ್ಕೆ ತುಂಬ ಗಿರಾಕಿ, ಆದ್ದರಿಂದಲೇ ಹೊಸ ಮಾಲೂ ತುಂಬ. ಮೈಸೂರು ಸಂಸ್ಥಾನದ ಹಕ್ಕಿ ದೊರೆ ಬದಲಾದಂತೆ ಬದಲಾಗಲಿಲ್ಲ. ನೋಡಬೇಕಾದ್ದು ಬರಹವನ್ನು. ‘ಇಂಪೀರಿಯಲ್ ಸರ್ವಿಸ್’ ಎಂಬ ವ್ಯವಸ್ಥೆ 1920ರ ದಶಕದ ಆರಂಭಕ್ಕೆ ಹೋಗಿ ಸಂಸ್ಥಾನಗಳ ಸೇನೆಗಳಿಗೆ ಬೇರೆ ಹೆಸರು ಬಂತು. 1953ರಲ್ಲಿ ಮೈಸೂರಿನ ಕುದುರೆ ಪಡೆ 61ನೇ ಕ್ಯಾವಲ್ರಿಯಲ್ಲಿ ಕರಗಿತು. ಆಮೇಲೆ ಮಾಡುವ ವಿಧಾನ: ಅಚ್ಚಿನಲ್ಲಿ ಒತ್ತಿದ್ದೋ, ಮರಳಿನಲ್ಲಿ ಎರಕ ಹೊಯ್ದದ್ದೋ? ಒತ್ತಿದ ಬ್ಯಾಡ್ಜಿನ ಬೆನ್ನಿನಲ್ಲಿ ಮುಂಭಾಗದ ಉಬ್ಬೆಲ್ಲ ತಗ್ಗಾಗಿ ಕಾಣುತ್ತದೆ. ಎರಕದ್ದು ದಪ್ಪ, ಭಾರ, ಬೆನ್ನು ಚಪ್ಪಟೆ, ಮೈಯೆಲ್ಲ ಸೂಜಿಮೊನೆಯಂಥ ರಂಧ್ರ. ಎರಕವೆಂದ ಮಾತ್ರಕ್ಕೆ ನಕಲಿ ಎನ್ನುವ ಹಾಗೂ ಇಲ್ಲ, ಇದು ನಮ್ಮ ಕಡೆಯ ಕಷ್ಟ. ಯುದ್ಧ ಕಾಲದಲ್ಲಿ ಬ್ರಿಟನ್ನಿನಿಂದ ಸಾಮಾನು ಬಾರದಿದ್ದಾಗ ಇಲ್ಲಿನ ಕಂಚುಗಾರರಿಂದ ಎರಕ ಹೊಯ್ಯಿಸಿ ಸೈನಿಕರು ನಿಜವಾಗಿ ಧರಿಸಿದ ಬ್ಯಾಡ್ಜುಗಳೂ ಇವೆ. ಅವು ಒರಟು, ಅಸಲಿ. ನಿನ್ನೆ ಹೊಯ್ದ ಎರಕವೂ ಒರಟು. ಆಗ ಬೆಲೆ ಕಟ್ಟಬೇಕಾದ್ದು ಬ್ಯಾಡ್ಜಿಗಲ್ಲ, ಅದು ಯಾರ ಮನೆಯಿಂದ ಬಂತು ಎಂಬ ಮಾತಿಗೆ.

ಬೆನ್ನಿನ ಗುರುತು ನಿಜಕ್ಕೂ ಮನಸ್ಸು ತಟ್ಟುವುದು ಬ್ಯಾಡ್ಜಿಗಿಂತಲೂ ಮೊದಲ ಮಹಾಯುದ್ಧದ ಸ್ಮಾರಕ ಫಲಕದಲ್ಲಿ. ಸತ್ತ ಪ್ರತಿಯೊಬ್ಬ ಸೈನಿಕನ ಮನೆಗೆ ಕಳಿಸಿದ, ಅಂಗೈಗಿಂತ ಅಗಲದ, 120 ಮಿಲಿಮೀಟರ್ ವ್ಯಾಸದ ಕಂಚಿನ ತಟ್ಟೆ ಅದು. ಬ್ರಿಟನ್ನಿನ ಪ್ರತೀಕವಾದ ಬ್ರಿಟಾನಿಯಾ, ಸಿಂಹ, ಮತ್ತು ಒಂದು ಚೌಕಟ್ಟಿನೊಳಗೆ ಸತ್ತವನ ಹೆಸರು. ಸಾವಿನಲ್ಲಿ ಮೇಲುಕೀಳು ಬೇಡವೆಂದು ಹುದ್ದೆಯನ್ನು ಬರೆಯಲಿಲ್ಲ. ವಿನ್ಯಾಸ ಲಿವರ್‌ಪೂಲಿನ ಶಿಲ್ಪಿ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ನನದು. ಒಟ್ಟು 13 ಲಕ್ಷಕ್ಕೂ ಹೆಚ್ಚು ಫಲಕಗಳನ್ನು ಎರಕ ಹೊಯ್ದರು. ಆ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74 ಸಾವಿರ. ಭಾರತೀಯ ಹೆಸರಿನ ಫಲಕಗಳೂ ಅಲ್ಲಲ್ಲಿ ಸಿಗುತ್ತವೆ. ಮೊದಲು ಇವನ್ನು ಮಾಡಿದ್ದು ಲಂಡನ್ನಿನ ಆ್ಯಕ್ಟನ್‌ನಲ್ಲಿದ್ದ ಕಾರ್ಖಾನೆ. ಅಲ್ಲಿನ ತೀರ ಮೊದಲ ಫಲಕಗಳಲ್ಲಿ ನಂಬರಿಲ್ಲ. ಆಮೇಲಿನವುಗಳಲ್ಲಿ ಸಿಂಹದ ಹಿಂಗಾಲಿನ ಹಿಂದೆ ಒಂದು ಪುಟ್ಟ ಅಂಕಿ. 1920ರ ಡಿಸೆಂಬರಿನಲ್ಲಿ ಕೆಲಸ ವುಲಿಚ್‌ನ ಸರ್ಕಾರಿ ಶಸ್ತ್ರಾಗಾರಕ್ಕೆ ಹೋಯಿತು. ಅಲ್ಲಿನ ಫಲಕದಲ್ಲಿ ಅಂಕಿ ಬಾಲಕ್ಕೂ ಕಾಲಿಗೂ ನಡುವೆ ಸರಿಯಿತು, ಬೆನ್ನಿನಲ್ಲಿ ‘ಡಬ್ಲ್ಯು’ ಒಳಗೆ ‘ಎ’ ಅಡಗಿದ ಮುದ್ರೆ ಬಂತು. ನಾಲ್ಕು ವರ್ಷ ರಕ್ತ ಹರಿಸಿದ ಶಸ್ತ್ರಗಳನ್ನು ಮಾಡಿದ ಕಾರ್ಖಾನೆಯೇ ಸತ್ತವರ ಫಲಕವನ್ನೂ ಹೊಯ್ದಿತು ಎಂಬುದು ಆ ಸಣ್ಣ ಮುದ್ರೆಯಿಂದ ತಿಳಿಯುತ್ತದೆ. ಮಗ 1915ರಲ್ಲಿ ಸತ್ತಿದ್ದು, ಫಲಕದಲ್ಲಿ ವುಲಿಚ್ ಮುದ್ರೆಯಿದ್ದರೆ ಆ ತಾಯಿಗೆ ಕಂಚು ತಲುಪಿದ್ದು ಐದು ವರ್ಷ ಕಳೆದ ಮೇಲೆ.

ಪದಕಗಳಲ್ಲೂ ಹೀಗೆಯೇ ಎರಡು ಟಂಕಸಾಲೆಗಳ ಕೈವಾಡ ಕಾಣುತ್ತದೆ. 1908ರ ಇಂಡಿಯಾ ಜನರಲ್ ಸರ್ವಿಸ್ ಪದಕವನ್ನು ಲಂಡನ್ನಿನ ರಾಯಲ್ ಮಿಂಟ್‌ನಲ್ಲೂ ಕಲ್ಕತ್ತೆಯಲ್ಲೂ ಒತ್ತಿದರು. ಮುಖ ಒಂದೇ. ಪದಕವನ್ನು ಮೇಲಿನ ಪಟ್ಟಿಗೆ ಹಿಡಿದಿರುವ ಕೊಕ್ಕೆಯ ಬುಡ ನೋಡಿದರೆ ಲಂಡನ್ನಿನದು ಕುಸುರಿಯದು, ಕಲ್ಕತ್ತೆಯದು ಸಾದಾ.

ಕೊಡಗಿನಲ್ಲೋ ಬೆಳಗಾವಿ ಕಡೆಯೋ ಬೆಂಗಳೂರಿನ ಹಲಸೂರಿನಲ್ಲೋ ಅಜ್ಜನ ಬರ್ಮಾ ಸ್ಟಾರ್ ಇರುವ ಮನೆಯವರಿಗೆ ಒಂದು ಮಾತು. ಎರಡನೇ ಮಹಾಯುದ್ಧದ ಈ ಆರು ಮೂಲೆಯ ಕಂಚಿನ ನಕ್ಷತ್ರಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರಿಗೆ ಮಾತ್ರ ಬೆನ್ನಿನಲ್ಲಿ ಹೆಸರು ಒತ್ತಿ ಕೊಟ್ಟರು. ಹಾಗಾಗಿ ಬ್ರಿಟನ್ನಿನ ಮೊಮ್ಮಕ್ಕಳಿಗೆ ಇಲ್ಲದ ಅನುಕೂಲ ನಮ್ಮವರಿಗಿದೆ: ಪದಕವನ್ನು ತಿರುಗಿಸಿದರೆ ಸೇವಾ ಸಂಖ್ಯೆ, ಹುದ್ದೆ, ಹೆಸರು, ಪಲ್ಟಣ ಸಣ್ಣ ಅಕ್ಷರಗಳಲ್ಲಿ ಸಿಗುತ್ತವೆ. ದಾಖಲೆ ಹುಡುಕಲು ಹೊರಟರೆ ಹೆಸರಿಗಿಂತ ಆ ಸಂಖ್ಯೆಯೇ ಮುಖ್ಯ. ಒಂದೇ ಪಲ್ಟಣದಲ್ಲಿ ಒಂದೇ ಹೆಸರಿನವರು ಹಲವರಿರುತ್ತಿದ್ದರು. ಆಯುಧಪೂಜೆಗೆಂದು ಅದಕ್ಕೆ ಬ್ರಾಸೊ ಹಾಕಿ ಉಜ್ಜಬೇಡಿ, ಆಳವಿಲ್ಲದ ಆ ಅಕ್ಷರಗಳೇ ಮೊದಲು ಅಳಿಯುವುದು. ಓರೆ ಬೆಳಕಿನಲ್ಲಿ ಹಿಡಿದು ಒಂದು ಫೋಟೊ ತೆಗೆದು, ಓದಿದ್ದನ್ನು ಓದಿದ ಹಾಗೆಯೇ, ತಪ್ಪು ಕಾಗುಣಿತವನ್ನೂ ತಿದ್ದದೆ ಬರೆದಿಡಿ. ಗುಮಾಸ್ತ ಕಡತದಲ್ಲೂ ಅದೇ ತಪ್ಪನ್ನು ಬರೆದಿರುವ ಸಾಧ್ಯತೆ ಹೆಚ್ಚು.